ಟಿ. ಎನ್. ಬಾಲಕೃಷ್ಣ: ಕಣ್ಣಿನಿಂದ ಕೇಳಿಸಿಕೊಂಡ ನಟ

ಕನ್ನಡ ಚಿತ್ರರಂಗದಲ್ಲಿ ಸುಮಾರು ಐದು ದಶಕಗಳ ಕಾಲ ಹಾಸ್ಯನಟರಾಗಿ, ಖಳನಟರಾಗಿ, ಪೋಷಕ ನಟರಾಗಿ ದುಡಿದ ಟಿ. ಎನ್. ಬಾಲಕೃಷ್ಣ ಅವರನ್ನು ಕನ್ನಡಿಗರು ಬಾಲಣ್ಣ ಎಂದೇ ಬಲ್ಲರು. ಊರಿನ ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕುಳಿತು ಅವರನ್ನು ಕಂಡು ನಕ್ಕ ಮಕ್ಕಳಲ್ಲಿ ನಾನೂ ಒಬ್ಬ. ಆ ನಗೆಯನ್ನು ಹುಟ್ಟಿಸಿದ ನಟನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ ಎಂಬ ಸಂಗತಿ ನನಗೆ ತಿಳಿದದ್ದು ವೈದ್ಯಕೀಯ ಕಾಲೇಜು ಸೇರಿದ ಬಳಿಕ. ಈಗ ಇಂಗ್ಲೆಂಡಿನಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯನಾಗಿ ದಿನವೂ ಶ್ರವಣದೋಷವುಳ್ಳವರ ನಡುವೆ ಇರುವ ನನಗೆ ಅವರ ಸಾಧನೆಯ ನಿಜವಾದ ಅಳತೆ ನಿಧಾನವಾಗಿ ಅರಿವಾಗುತ್ತಿದೆ.

ಬಾಲಕೃಷ್ಣ ಅವರು ಹುಟ್ಟಿದ್ದು 1911ರಲ್ಲಿ, ಹಾಸನ ಜಿಲ್ಲೆಯ ಅರಸೀಕೆರೆಯ ಬಡ ಕುಟುಂಬದಲ್ಲಿ. ತಂದೆ ಕಾಯಿಲೆ ಬಿದ್ದಾಗ ಔಷಧಿಗೆ ಹಣವಿಲ್ಲದೆ, ತಾಯಿ ಈ ಮಗುವನ್ನು ಎಂಟು ರೂಪಾಯಿಗೆ ಬೇರೊಂದು ದಂಪತಿಗೆ ಒಪ್ಪಿಸಿದರೆಂದು ಅವರ ಬದುಕನ್ನು ಕುರಿತು ಬರೆದವರು ಹೇಳುತ್ತಾರೆ. ವೈದ್ಯನಾದ ನಾನು ಈ ಪ್ರಸಂಗವನ್ನು ಓದಿದಾಗಲೆಲ್ಲ ಸ್ವಲ್ಪ ಹೊತ್ತು ಅಲ್ಲಿಯೇ ನಿಲ್ಲುತ್ತೇನೆ. ಔಷಧಿಯ ಬೆಲೆಯನ್ನು ಒಂದು ಮಗುವಿನಿಂದ ತೀರಿಸಬೇಕಾದ ಕಾಲ ನಮ್ಮಿಂದ ತೀರ ದೂರದಲ್ಲೇನೂ ಇಲ್ಲ.

ಶ್ರವಣದೋಷ ಅವರಿಗೆ ಎಳವೆಯಲ್ಲಿಯೇ ಜೊತೆಯಾಯಿತು. ಪೆನಿಸಿಲಿನ್ ಸಾಮಾನ್ಯರ ಕೈಗೆಟುಕುವ ಮೊದಲಿನ ಆ ದಿನಗಳಲ್ಲಿ ಕಿವಿ ಸೋರುವುದು, ದಡಾರ, ಮೆದುಳುಪೊರೆಯ ಉರಿಯೂತ ಮುಂತಾದ ಕಾಯಿಲೆಗಳು ಅಸಂಖ್ಯ ಮಕ್ಕಳ ಶ್ರವಣವನ್ನು ಕಸಿಯುತ್ತಿದ್ದವು. ಅಂಥ ಮಕ್ಕಳಿಗೆ ಶಾಲೆ ದೂರವಾಗುತ್ತಿತ್ತು. ಮಾತಿನ ವೃತ್ತಿಗಳಂತೂ ಮುಚ್ಚಿದ ಬಾಗಿಲುಗಳೇ ಆಗಿದ್ದವು. ಬಾಲಕೃಷ್ಣ ಅವರು ಆಯ್ದುಕೊಂಡದ್ದು ಮಾತೇ ಬಂಡವಾಳವಾಗಿದ್ದ ವೃತ್ತಿ ರಂಗಭೂಮಿಯನ್ನು.

ಆ ಕಾಲದ ಕಂಪನಿ ನಾಟಕಗಳಲ್ಲಿ ನಟನು ತನ್ನ ಕಂಠಬಲದಿಂದಲೇ ಕೊನೆಯ ಸಾಲಿನ ಪ್ರೇಕ್ಷಕನನ್ನು ತಲುಪಬೇಕಿತ್ತು. ಮಾತು ಮರೆತರೆ ಪಕ್ಕದ ಪರದೆಯ ಹಿಂದಿನಿಂದ ಸಾಲನ್ನು ಪಿಸುಗುಟ್ಟಿ ನೆನಪಿಸುವವರಿರುತ್ತಿದ್ದರು. ಕಿವಿ ಕೇಳದವನಿಗೆ ಆ ಪಿಸುಮಾತಿನಿಂದ ಪ್ರಯೋಜನವೇನು? ತನ್ನ ಮಾತುಗಳ ಜೊತೆಗೆ ಎದುರಿನವರ ಮಾತುಗಳನ್ನೂ ಅವನು ಕಂಠಸ್ಥ ಮಾಡಿಕೊಳ್ಳಬೇಕು. ಸಹನಟನ ತುಟಿ ಎಲ್ಲಿ ನಿಂತಿತು, ಉಸಿರು ಎಲ್ಲಿ ತಿರುಗಿತು ಎಂಬುದನ್ನು ಕಣ್ಣಿನಿಂದ ಹಿಡಿದು ತನ್ನ ಸರದಿಯನ್ನು ಅರಿಯಬೇಕು. ಬಾಲಣ್ಣ ಜೀವನದುದ್ದಕ್ಕೂ ಮಾಡಿದ್ದು ಇದನ್ನೇ. ಎದುರಿನವರ ತುಟಿಯ ಚಲನೆಯನ್ನು ನೋಡಿ ಅವರು ಮಾತನ್ನು ಗ್ರಹಿಸುತ್ತಿದ್ದರೆಂಬುದು ಚಿತ್ರರಂಗದಲ್ಲಿ ಎಲ್ಲರಿಗೂ ತಿಳಿದಿದ್ದ ವಿಷಯ.

ತುಟಿಯ ಓದು ಎಷ್ಟು ಕಠಿಣವೆಂಬುದನ್ನು ಓದುಗರು ಕನ್ನಡಿಯ ಮುಂದೆ ನಿಂತು ತಾವೇ ಪರೀಕ್ಷಿಸಬಹುದು. ಪಾಡು, ಬಾಡು, ಮಾಡು ಎಂಬ ಮೂರು ಪದಗಳನ್ನು ಧ್ವನಿಯಿಲ್ಲದೆ ಉಚ್ಚರಿಸಿದರೆ ಮೂರಕ್ಕೂ ತುಟಿಗಳು ಒಂದೇ ರೀತಿ ಕೂಡಿ ಒಂದೇ ರೀತಿ ತೆರೆಯುತ್ತವೆ. ಕ, ಗ, ಹ ಮೊದಲಾದ ಧ್ವನಿಗಳು ಬಾಯಿಯ ಒಳಗೋ ಗಂಟಲಿನಲ್ಲೋ ಹುಟ್ಟುವುದರಿಂದ ಹೊರಗೆ ಬಹುಮಟ್ಟಿಗೆ ಕಾಣಿಸುವುದೇ ಇಲ್ಲ. ಹೀಗೆ ಮಾತಿನ ಹೆಚ್ಚಿನ ಭಾಗ ಕಣ್ಣಿಗೆ ಸಿಗದಿರುವುದರಿಂದ ಉಳಿದುದನ್ನು ಸಂದರ್ಭ, ಮುಖಭಾವ ಮತ್ತು ಊಹೆಗಳಿಂದ ತುಂಬಿಕೊಳ್ಳಬೇಕು. ಇದರಿಂದಾಗುವ ಆಯಾಸ ಅಪಾರ. ಸಂಜೆಯ ಹೊತ್ತಿಗೆ ತಲೆನೋವಿನಿಂದ ಬಳಲುತ್ತೇವೆಂದು ನನ್ನ ರೋಗಿಗಳು ಹೇಳುವಾಗ, ಹಗಲಿಡೀ ಅದೇ ಕೆಲಸವನ್ನು ಮಾಡುತ್ತ ಜೊತೆಗೆ ನಗಿಸಬೇಕಾಗಿದ್ದ ಬಾಲಣ್ಣ ನೆನಪಾಗುತ್ತಾರೆ.

ಬಾಲಕೃಷ್ಣ ಅವರು ಚಿತ್ರರಂಗವನ್ನು ಪ್ರವೇಶಿಸಿದ್ದು 1943ರ ರಾಧಾರಮಣ ಚಿತ್ರದಿಂದ. ನಟಿ ಎಂ. ವಿ. ರಾಜಮ್ಮ ನಿರ್ಮಿಸಿದ ಈ ಚಿತ್ರದಲ್ಲಿಯೇ ಜಿ. ವಿ. ಅಯ್ಯರ್ ಕೂಡ ಮೊದಲ ಬಾರಿಗೆ ತೆರೆಯ ಮೇಲೆ ಬಂದರು. ಸಿನಿಮಾ ಅವರಿಗೆ ರಂಗಭೂಮಿಗಿಂತ ಸುಲಭವಾಗಿದ್ದಿರಲಾರದು. ರಂಗದ ಮೇಲೆ ನಟರು ಬೆಳಕಿನಲ್ಲಿ ಎದುರುಬದುರಾಗಿ ನಿಲ್ಲುತ್ತಾರೆ. ಕ್ಯಾಮೆರಾದ ಮುಂದೆ ಎದುರಾಳಿ ಬೆನ್ನ ಹಿಂದೆಯೂ ಇರಬಹುದು, ಚೌಕಟ್ಟಿನ ಹೊರಗೂ ಇರಬಹುದು. ಕಚ್ಚಾ ಫಿಲ್ಮಿಗೆ ಹಣ ಹೊಂದಿಸುವುದೇ ಕಷ್ಟವಾಗಿದ್ದ ಕಾಲದಲ್ಲಿ ತಪ್ಪಿದ ಒಂದೊಂದು ಮಾತೂ ನಿರ್ಮಾಪಕನಿಗೆ ನಷ್ಟ. ಅಂಥ ವ್ಯವಸ್ಥೆಯಲ್ಲಿ ಶ್ರವಣದೋಷವಿದ್ದ ನಟನೊಬ್ಬ ನೂರಾರು ಚಿತ್ರಗಳಿಗೆ ಬೇಕಾದವನಾಗಿ ಉಳಿದದ್ದು ಅನುಕಂಪದಿಂದ ಆಗುವ ಕೆಲಸವಲ್ಲ.

ಅವರ ಧ್ವನಿಯ ಬಗೆಗೂ ಒಂದು ಮಾತು. ನಾವು ನಮ್ಮ ಧ್ವನಿಯ ಏರಿಳಿತವನ್ನು ಕಿವಿಯಿಂದಲೇ ಹದಗೊಳಿಸಿಕೊಳ್ಳುತ್ತೇವೆ. ಶ್ರವಣ ನರದ ದೋಷವುಳ್ಳವರು ಸಾಮಾನ್ಯವಾಗಿ ಅಗತ್ಯಕ್ಕಿಂತ ಗಟ್ಟಿಯಾಗಿಯೂ, ಮಧ್ಯಕಿವಿಯ ದೋಷವುಳ್ಳವರು ಮೆಲ್ಲಗೂ ಮಾತನಾಡುವುದುಂಟು. ಬಾಲಣ್ಣನ ಮಾತಿನಲ್ಲಾದರೋ ಎಳೆತ, ತಟ್ಟನೆ ಬರುವ ನಿಲುಗಡೆ, ಕೊನೆಯಲ್ಲಿ ಕೊಂಕಿ ಮೇಲೇರುವ ದನಿ, ಎಲ್ಲವೂ ಲೆಕ್ಕವಿಟ್ಟಂತೆ ಬರುತ್ತಿದ್ದವು. ಹಳ್ಳಿಯ ಕುಹಕಿ, ಜಿಪುಣ, ಎರಡು ಮನೆಗಳ ನಡುವೆ ಕಡ್ಡಿ ಗೀರುವವ ಮುಂತಾದ ಪಾತ್ರಗಳಿಗೆ ಆ ಶೈಲಿ ಹೇಳಿ ಮಾಡಿಸಿದಂತಿತ್ತು. ನಮ್ಮ ನಾಟಕ ಮತ್ತು ಚಿತ್ರಗಳಲ್ಲಿ ಕಿವುಡುತನವು ಬಹುಕಾಲದಿಂದ ಅಗ್ಗದ ನಗೆಸರಕಾಗಿದೆ. ಹಾಗಿದ್ದರೂ ಬಾಲಣ್ಣನ ಹೆಚ್ಚಿನ ಪ್ರೇಕ್ಷಕರಿಗೆ ಅವರ ದೋಷದ ಸುಳಿವೇ ಹತ್ತಲಿಲ್ಲ. ಅವರು ನಕ್ಕದ್ದು ಪಾತ್ರವನ್ನು ಕಂಡು.

1950ರ ದಶಕದಲ್ಲಿ ಕನ್ನಡ ಚಿತ್ರಗಳು ವಿರಳವಾಗಿದ್ದವು. ತಯಾರಾಗುತ್ತಿದ್ದುದೂ ಹೆಚ್ಚಾಗಿ ಮದರಾಸಿನಲ್ಲಿ. ಆ ಬಿಕ್ಕಟ್ಟಿನ ದಿನಗಳಲ್ಲಿ ರಾಜ್‌ಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಮತ್ತು ಬಾಲಕೃಷ್ಣ ಒಗ್ಗೂಡಿ ಕಲಾವಿದರ ಸಂಘವೊಂದನ್ನು ಕಟ್ಟಿ, ನಾಟಕಗಳನ್ನಾಡುತ್ತ ಊರೂರು ಸುತ್ತಿದರು. ಬಳಿಕ ತಾವೇ ನಿರ್ಮಾಪಕರಾಗಿ 1960ರಲ್ಲಿ ರಣಧೀರ ಕಂಠೀರವ ಚಿತ್ರವನ್ನು ಹೊರತಂದರು. ಮರುವರ್ಷ ಬಂದ, ಅಂಧ ಗಾಯಕನ ಕಥೆಯುಳ್ಳ ಕಣ್ತೆರೆದು ನೋಡು ಚಿತ್ರದಲ್ಲಿಯೂ ಬಾಲಣ್ಣ ಇದ್ದಾರೆ. ಮುರಿಯದ ಮನೆ, ಗಂಧದ ಗುಡಿ, ಕಾಮನಬಿಲ್ಲು ಹೀಗೆ ಮೂರು ದಶಕಗಳ ಚಿತ್ರಗಳಲ್ಲಿ ಅವರ ಮುಖ ಮತ್ತೆ ಮತ್ತೆ ಕಾಣಿಸುತ್ತದೆ.

ಆದರೆ ನನ್ನ ತಲೆಮಾರಿನವರಿಗೆ ಅವರು ಬಂಗಾರದ ಮನುಷ್ಯ ಚಿತ್ರದ ರಾಚೂಟಪ್ಪ. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ಈ ಚಿತ್ರ ತೆರೆಕಂಡದ್ದು 1972ರಲ್ಲಿ. ಕುಹಕ, ವಕ್ರತೆಗಳಿಗೆ ಹೆಸರಾಗಿದ್ದ ನಟ ಇಲ್ಲಿ ನಾಯಕ ರಾಜೀವನಿಗೆ ಒತ್ತಾಸೆಯಾಗಿ ನಿಲ್ಲುವ ಹಳ್ಳಿಯ ಹಿತೈಷಿಯಾಗುತ್ತಾರೆ. ನನ್ನ ತಂದೆ ಇಂಗ್ಲೆಂಡಿಗೆ ಬಂದು ನಮ್ಮೊಡನೆ ಇದ್ದ ಚಳಿಗಾಲದಲ್ಲಿ ನಾವಿಬ್ಬರೂ ಈ ಚಿತ್ರವನ್ನು ಮತ್ತೆ ನೋಡಿದೆವು. ಆ ಹೊತ್ತಿಗೆ ಅವರ ಶ್ರವಣ ಬಹಳ ಕುಂದಿತ್ತು. ಪರೀಕ್ಷೆಯ ನಕ್ಷೆ ಹಿಡಿದು ಯಂತ್ರ ಹಾಕಿಕೊಳ್ಳಿರೆಂದು ನಾನು ಒತ್ತಾಯಿಸುತ್ತಿದ್ದೆ. ಅವರು ಒಪ್ಪದಿದ್ದಾಗ ಪಕ್ಕದ ಕೋಣೆಯಿಂದಲೇ ಕೂಗಿ ಮಾತನಾಡಿ, ಕೇಳಿಸಲಿಲ್ಲವೆಂದರೆ ರೇಗುತ್ತಿದ್ದೆ. ಅಂದು ಅವರು ರಾಚೂಟಪ್ಪನ ಮುಖವನ್ನು ನೋಡುತ್ತ, ಸರಿಯಾದ ಕ್ಷಣಕ್ಕೆ ಸರಿಯಾಗಿ ನಗುತ್ತಿದ್ದರು. ಕೂಗದೆ, ಎದುರು ಕುಳಿತು, ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಮಾತನಾಡಬೇಕೆಂಬುದನ್ನು ನಾನು ರೋಗಿಗಳ ಮನೆಯವರಿಗೆ ದಿನವೂ ಬೋಧಿಸುತ್ತಿದ್ದೆ. ನನ್ನ ಮನೆಯಲ್ಲಿ ಮಾತ್ರ ಪಾಲಿಸಿರಲಿಲ್ಲ. ಅಂದಿನಿಂದ ತಂದೆಯ ಎದುರು ಕುರ್ಚಿ ಹಾಕಿಕೊಂಡು ಮಾತನಾಡತೊಡಗಿದೆ. ಕೆಲವು ತಿಂಗಳ ಬಳಿಕ ಅವರು ತಾವಾಗಿಯೇ ಯಂತ್ರವನ್ನು ಕೇಳಿದರು.

ಬಾಲಕೃಷ್ಣ ಅವರ ಇನ್ನೊಂದು ದೊಡ್ಡ ಸಾಹಸ ಅಭಿಮಾನ್ ಸ್ಟುಡಿಯೋ. ಕನ್ನಡ ಚಿತ್ರಗಳು ಕನ್ನಡ ನೆಲದಲ್ಲಿಯೇ ತಯಾರಾಗಬೇಕೆಂಬ ಹಂಬಲದಿಂದ ಬೆಂಗಳೂರಿನ ಕೆಂಗೇರಿ ಬಳಿ, ಸರ್ಕಾರ ನೀಡಿದ ಸುಮಾರು 20 ಎಕರೆ ಜಾಗದಲ್ಲಿ ಅವರು ಇದನ್ನು ಸ್ಥಾಪಿಸಿದರು. ಪೋಷಕ ನಟನೊಬ್ಬನ ಸಂಪಾದನೆಗೆ ಈ ಕನಸು ಬಹಳ ಭಾರವಾಗಿತ್ತು. ತಮ್ಮ ದುಡಿಮೆಯನ್ನೆಲ್ಲ ಅದಕ್ಕೆ ಸುರಿದರೂ ಸ್ಟುಡಿಯೋ ಅವರು ಬಯಸಿದ ಎತ್ತರಕ್ಕೆ ಬೆಳೆಯಲಿಲ್ಲ. ಆರ್ಥಿಕ ಸಂಕಷ್ಟ ಅವರನ್ನು ಬಿಡಲಿಲ್ಲ. 1995ರ ಜುಲೈ 19ರಂದು ಅವರು ನಿಧನರಾದರು. 2009ರಲ್ಲಿ ನಟ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ಅಲ್ಲಿ ನಡೆದ ಮೇಲೆ ಅಭಿಮಾನ್ ಹೆಸರು ಎಲ್ಲರಿಗೂ ಪರಿಚಿತವಾಯಿತು. ಅದನ್ನು ಕಟ್ಟಿದವರು ಯಾರೆಂದು ಕೇಳಿದರೆ ಇಂದಿನ ಅನೇಕರಿಗೆ ತಿಳಿಯದು.

ಬಾಲಣ್ಣನ ಬದುಕನ್ನು ದೋಷವನ್ನು ಗೆದ್ದ ಕಥೆಯೆಂದು ಹೇಳುವುದು ರೂಢಿ. ಶ್ರವಣದೋಷವನ್ನು ಯಾರೂ ಹಾಗೆ ಒಮ್ಮೆ ಗೆದ್ದು ಮುಗಿಸಲಾರರೆಂದು ವೈದ್ಯನಾಗಿ ನಾನು ಬಲ್ಲೆ. ಅದರೊಡನೆ ಪ್ರತಿದಿನ ಬೆಳಗ್ಗೆ ಹೊಸದಾಗಿ ಹೆಣಗಬೇಕು. ಐವತ್ತು ವರ್ಷ ಹಾಗೆ ಹೆಣಗಿದ ಅವರು ಎದುರಿನ ನಟನನ್ನು ಕಣ್ಣು ಕೀಳದೆ ಗಮನಿಸುವುದನ್ನು ತಮ್ಮ ಕಲೆಯನ್ನಾಗಿ ಮಾಡಿಕೊಂಡರು. ಅವರ ಹಳೆಯ ಚಿತ್ರವೊಂದನ್ನು ನೋಡುವ ಅವಕಾಶ ಸಿಕ್ಕರೆ, ಅವರು ಮಾತನಾಡುವಾಗ ನೋಡುವಂತೆಯೇ, ಇತರರು ಮಾತನಾಡುವಾಗಲೂ ಅವರ ಕಣ್ಣುಗಳನ್ನು ನೋಡಿ ಎಂದು ಓದುಗರಲ್ಲಿ ನನ್ನ ಕೋರಿಕೆ.