ಶ್ರೀರಾಮಪುರದ ವಾರ್ಡ್ ಅಯ್ಯನವರು



ವಿಲ್ಯಂ ಕೇರಿ ಅಯ್ಯನವರ ಹೆಸರನ್ನು ಕೇಳದ ಸಭೆ ನಮ್ಮಲ್ಲಿ ಅಪರೂಪ. ಯೌವನದಲ್ಲಿ ಜೋಡು ಹೊಲಿದು ಜೀವಿಸಿದ ಆ ಇಂಗ್ಲಿಷರು 1793ನೇ ಇಸವಿಯಲ್ಲಿ ಬಂಗಾಳಕ್ಕೆ ಬಂದು, ಈ ದೇಶದ ಅನೇಕ ಭಾಷೆಗಳಲ್ಲಿ ಸತ್ಯವೇದವನ್ನು ಬರೆದ ಸಂಗತಿಯನ್ನು ಆದಿತ್ಯವಾರದ ಶಾಲೆಯ ಮಕ್ಕಳೂ ಬಲ್ಲರು. ಅವರ ಜೊತೆಗಾರರಾದ ಜಾಶುವ ಮಾರ್ಷ್‌ಮನ್ ಅಯ್ಯನವರನ್ನೂ ಕೆಲವರು ಅರಿತಿರುವರು. ಮೂರನೆಯವರ ಹೆಸರು ಮಾತ್ರ ಹೆಚ್ಚಾಗಿ ಕೇಳಿಬರುವದಿಲ್ಲ. ಗಾಡಿ ದಾರಿಯಲ್ಲಿ ಹೋಗುವಾಗ ಎಲ್ಲರೂ ಎತ್ತುಗಳನ್ನು ನೋಡಿ ಹೊಗಳುವರು. ಗಾಲಿ ಕಳಚದ ಹಾಗೆ ಅಚ್ಚಿನ ತುದಿಯಲ್ಲಿ ನಿಂತಿರುವ ಕಡಾಣಿಯನ್ನು ಯಾರೂ ನೋಡುವದಿಲ್ಲ. ಶ್ರೀರಾಮಪುರದ ಸೇವೆಯಲ್ಲಿ ಅಂಥ ಕಡಾಣಿಯಾಗಿದ್ದವರು ವಿಲ್ಯಂ ವಾರ್ಡ್ ಅಯ್ಯನವರು. ಅವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ವಾರ್ಡರು 1769ನೇ ಇಸವಿ ಅಕ್ಟೋಬರ್ 20ರಂದು ಇಂಗ್ಲೆಂಡಿನ ಡರ್ಬಿ ಪಟ್ಟಣದಲ್ಲಿ ಹುಟ್ಟಿದರು. ತಂದೆಯು ಬಡಗಿ, ಮಗನು ಚಿಕ್ಕವನಿರುವಾಗಲೇ ತೀರಿಹೋದನು. ವಿಧವೆಯಾದ ತಾಯಿಯು ಮಗನನ್ನು ದೇವಭಯದಲ್ಲಿ ಬೆಳೆಸಿದಳು. ಪ್ರಾಯಕ್ಕೆ ಬಂದಾಗ ಅವನು ಅದೇ ಊರಿನ ಒಂದು ಅಚ್ಚುಕೂಟದಲ್ಲಿ ಕೆಲಸ ಕಲಿಯುವದಕ್ಕೆ ಸೇರಿದನು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವ ಆ ಕೆಲಸದಲ್ಲಿ ಕೈಯೂ ಕಣ್ಣೂ ಮಾತ್ರವಲ್ಲ, ಸಹನೆಯೂ ಪಳಗುವದು. ಕ್ರಮೇಣ ಅವರು ಡರ್ಬಿ, ಸ್ಟಾಫರ್ಡ್, ಹಲ್ ಎಂಬ ಊರುಗಳಲ್ಲಿ ವರ್ತಮಾನಪತ್ರಿಕೆಗಳ ಸಂಪಾದಕರಾದರು; ಮನುಷ್ಯರನ್ನು ದನಗಳಂತೆ ಮಾರುವ ಗುಲಾಮರ ವ್ಯಾಪಾರಕ್ಕೆ ವಿರೋಧವಾಗಿ ಬರೆದರು. 1796ರಲ್ಲಿ ಹಲ್ ಪಟ್ಟಣದಲ್ಲಿ ದೀಕ್ಷಾಸ್ನಾನ ಹೊಂದಿದರು. ತರುವಾಯ ಆದಾಯವುಳ್ಳ ಆ ಉದ್ಯೋಗವನ್ನು ಬಿಟ್ಟು, ಬೋಧಕರ ಸೇವೆಗೆ ಸಿದ್ಧರಾಗುವದಕ್ಕಾಗಿ ಜಾನ್ ಫಾಸೆಟ್ ಎಂಬ ಅಯ್ಯನವರ ಬಳಿಯಲ್ಲಿ ಕಲಿತರು.

ಕೇರಿಯವರು ಹಡಗು ಹತ್ತುವದಕ್ಕೆ ಸ್ವಲ್ಪ ಮುಂಚೆ ಈ ಯೌವನಸ್ಥನನ್ನು ಕಂಡಿದ್ದರು. ತಾನು ವೇದವನ್ನು ಭಾಷಾಂತರ ಮಾಡಿದ ಮೇಲೆ ಅದನ್ನು ಅಚ್ಚು ಮಾಡುವವನೊಬ್ಬನು ಬೇಕಾಗುವನೆಂದೂ, ಆ ಕಾಲಕ್ಕೆ ನೀನು ಬರಬೇಕೆಂದೂ ಅವನಿಗೆ ತಿಳಿಸಿದ್ದರು. ಆ ಮಾತು ಬಿತ್ತಿದ ಬೀಜದ ಹಾಗೆ ಮನಸ್ಸಿನಲ್ಲಿ ಉಳಿಯಿತು. ಆರು ವರುಷಗಳ ಮೇಲೆ, 1799ರ ಮೇ ತಿಂಗಳಲ್ಲಿ, ವಾರ್ಡರು ಮಾರ್ಷ್‌ಮನ್ನರ ಕುಟುಂಬದವರೇ ಮೊದಲಾದವರ ಸಂಗಡ ಹಡಗು ಹತ್ತಿ ಅಕ್ಟೋಬರದಲ್ಲಿ ಬಂಗಾಳಕ್ಕೆ ಮುಟ್ಟಿದರು.

ಆಗ ಕುಂಪಣಿ ಸರಕಾರವು ಮಿಶನರಿಗಳನ್ನು ತನ್ನ ಸೀಮೆಯಲ್ಲಿ ಸೇರಿಸುತ್ತಿರಲಿಲ್ಲ. ಹೂಗ್ಲಿ ಹೊಳೆಯ ದಡದಲ್ಲಿರುವ ಶ್ರೀರಾಮಪುರವು ಆ ಕಾಲದಲ್ಲಿ ಡೆನ್ಮಾರ್ಕಿನ ಅರಸನದಾಗಿತ್ತು. ಅಲ್ಲಿಯ ಅಧಿಪತಿಯಾದ ಬೀ ಎಂಬವರು ಇವರಿಗೆ ಆಶ್ರಯ ಕೊಟ್ಟರು. ಸಂಗಡ ಬಂದ ಗ್ರಾಂಟ್ ಎಂಬವರು ಮೂರು ವಾರಗಳೊಳಗೆ ಮಣ್ಣು ಸೇರಿದರು. ವಾರ್ಡರು ಒಳನಾಡಿಗೆ ಹೋಗಿ ಕೇರಿಯವರನ್ನು ಕಂಡು, ಶ್ರೀರಾಮಪುರಕ್ಕೆ ಬರುವಂತೆ ಒಪ್ಪಿಸಿದರು. 1800ನೇ ಇಸವಿ ಜನವರಿ 10ರಂದು ಕೇರಿಯವರು ಅಲ್ಲಿಗೆ ಬಂದರು. ಅಂದಿನಿಂದ ಆ ಮೂವರು ಒಂದಾದರು.

ಅಚ್ಚಿನ ಯಂತ್ರವು ನಿಂತಿತು. ಪಂಚಾನನ ಕರ್ಮಕಾರನೆಂಬ ಕುಶಲ ಕಮ್ಮಾರನು ಬಂಗಾಳಿ ಅಕ್ಷರಗಳನ್ನು ಕೊರೆದು ಕೊಟ್ಟನು. ಬಂಗಾಳಿ ಹೊಸ ಒಡಂಬಡಿಕೆಯ ಮೊದಲನೆಯ ಪುಟವನ್ನು ವಾರ್ಡರು ತಮ್ಮ ಕೈಯಿಂದಲೇ ಜೋಡಿಸಿದರು. 1801ರಲ್ಲಿ ಆ ಪುಸ್ತಕವು ಪೂರ್ಣವಾಯಿತು. ಹಗಲೆಲ್ಲಾ ಮಸಿಯ ಕೈಯಲ್ಲಿ ಕೆಲಸಗಾರರ ನಡುವೆ ಇದ್ದುದರಿಂದ, ಅವರ ಬಂಗಾಳಿಯು ಪುಸ್ತಕದ ಭಾಷೆಯಾಗದೆ ಜನರ ಬಾಯಿಯ ಭಾಷೆಯಾಯಿತು. ಬೀದಿಯಲ್ಲಿ ಸುವಾರ್ತೆ ಸಾರುವಾಗ ಅದು ಬಹಳ ಉಪಯೋಗಕ್ಕೆ ಬಂತು.

ಈಗ ಆ ಮನೆಯ ವಿಷಯವಾಗಿ ಸ್ವಲ್ಪ ಹೇಳಬೇಕು. ಅನೇಕ ಕುಟುಂಬಗಳು ಒಂದೇ ಅಂಗಳದಲ್ಲಿ ವಾಸಿಸಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದವು. ಕೇರಿಯವರಿಗೆ ಕಲ್ಕತ್ತೆಯ ಫೋರ್ಟ್ ವಿಲ್ಯಂ ಕಾಲೇಜಿನಿಂದ ಬರುವ ಸಂಬಳವೂ, ಮಾರ್ಷ್‌ಮನ್ ದಂಪತಿಗಳ ಶಾಲೆಗಳ ಹುಟ್ಟುವಳಿಯೂ, ಅಚ್ಚುಕೂಟದ ಲಾಭವೂ ಒಂದೇ ಪೆಟ್ಟಿಗೆಯಲ್ಲಿ ಬೀಳುತ್ತಿದ್ದವು. ಅದರೊಳಗಿಂದ ಪ್ರತಿಯೊಬ್ಬರೂ ಕೈವೆಚ್ಚಕ್ಕೆ ಸ್ವಲ್ಪ ಮಾತ್ರ ತೆಗೆದುಕೊಂಡರು. ಮನೆವಾರ್ತೆಯ ಆಡಳಿತವು ತಿಂಗಳಿಗೊಬ್ಬರಂತೆ ಸರತಿಯ ಮೇಲೆ ಬರುತ್ತಿತ್ತು.

ಎರಡು ಸಂಸಾರ ಒಂದು ಒಲೆಯಲ್ಲಿ ಅಡಿಗೆ ಮಾಡಿದರೆ ಏನಾಗುವದೆಂದು ನಮ್ಮ ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿಯೂ ಮುನಿಸು ಉಂಟಾಗದೆ ಇರಲಿಲ್ಲ. ಆದಕಾರಣ ಪ್ರತಿ ಶನಿವಾರ ಸಾಯಂಕಾಲ ಎಲ್ಲರೂ ಕೂಡಿ, ಆ ವಾರದಲ್ಲಿ ಒಬ್ಬರಿಗೊಬ್ಬರು ಕೊಟ್ಟ ನೋವನ್ನು ಬಾಯಿಬಿಟ್ಟು ಹೇಳಿ, ಸರಿಮಾಡಿಕೊಂಡು, ಪ್ರೀತಿಯಲ್ಲಿ ನಡೆಯುವೆವೆಂದು ಮತ್ತೆ ಮಾತು ಕೊಡುವ ಕಟ್ಟಳೆಯನ್ನು ಮಾಡಿದರು. ಈ ಸಂಗತಿಯನ್ನು ವಾರ್ಡರು ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಬೇರೆಯವರು ಬರಿಯ ಸದ್ಗುಣಕ್ಕೆ ಬಿಡುವದನ್ನು ಇವರು ವಾರದ ಕೆಲಸಗಳಲ್ಲಿ ಒಂದನ್ನಾಗಿ ಮಾಡಿದರು. 1805ರಲ್ಲಿ ಮಿಶನರಿಗಳೆಲ್ಲರೂ ರುಜು ಹಾಕಿದ ಒಡಂಬಡಿಕೆಯ ಪತ್ರವನ್ನು ವರುಷಕ್ಕೆ ಮೂರಾವರ್ತಿ ಪ್ರತಿಯೊಂದು ಠಾಣೆಯಲ್ಲಿ ಓದಬೇಕೆಂದು ನೇಮಿಸಿದ್ದೂ ಇದೇ ಉದ್ದೇಶದಿಂದಲೇ.

ಜೊತೆಗಾರರ ಭಾರವನ್ನು ವಾರ್ಡರು ಮಾತಿಲ್ಲದೆ ಹೊತ್ತುಕೊಂಡರು. ಕೇರಿಯವರ ಹೆಂಡತಿಯು ಚಿತ್ತಭ್ರಮೆಯ ರೋಗದಿಂದ ಬಳಲುತ್ತಿದ್ದಳು. ತಂದೆಯು ಭಾಷಾಂತರದಲ್ಲಿ ಮುಳುಗಿದ್ದರು. ಗಂಡುಮಕ್ಕಳು ಹೇಳುವವರಿಲ್ಲದೆ ಬೆಳೆಯುತ್ತಿದ್ದರು. ವಾರ್ಡರು ಹಿರಿಯನಾದ ಫೀಲಿಕ್ಸನನ್ನು ತಮ್ಮ ಬಳಿಯಲ್ಲಿ ಕೆಲಸಕ್ಕೆ ಹಚ್ಚಿ, ಅಣ್ಣನಂತೆ ನಡಿಸಿದರು. ಆ ಹುಡುಗನು ಅವರ ಸಂಗದಲ್ಲಿ ಮನಸ್ಸು ತಿರುಗಿಸಿಕೊಂಡನು. 1800ರ ದಶಂಬರ 28ರಂದು ಬಂಗಾಳದ ಬಡಗಿಯಾದ ಕೃಷ್ಣಪಾಲನು ಹೂಗ್ಲಿ ಹೊಳೆಯಲ್ಲಿ ದೀಕ್ಷಾಸ್ನಾನ ಹೊಂದಿದಾಗ, ಫೀಲಿಕ್ಸನೂ ಅದೇ ದಿನ ಅದೇ ನೀರಿಗೆ ಇಳಿದನು. 1802ರಲ್ಲಿ ವಾರ್ಡರು, ತೀರಿಹೋದ ಜೊತೆ ಮಿಶನರಿ ಫೌಂಟನರ ವಿಧವೆಯನ್ನು ಮದುವೆಯಾದರು.

1812ನೇ ಇಸವಿ ಮಾರ್ಚ್ 11ರ ಸಾಯಂಕಾಲ ದೊಡ್ಡ ಶೋಧನೆ ಬಂತು. ವಾರ್ಡರು ಲೆಕ್ಕ ನೋಡುತ್ತಾ ಕೂತಿರುವಾಗ ಕಾಗದದ ಉಗ್ರಾಣದಿಂದ ಹೊಗೆ ಏಳುವದನ್ನು ಕಂಡರು. ಬೆಂಕಿಗೆ ಕಾರಣವೇನೆಂಬದು ಎಂದೂ ತಿಳಿದುಬರಲಿಲ್ಲ. ಗಾಳಿ ಸೇರಬಾರದೆಂದು ಅವರು ಕದ ಕಿಟಕಿಗಳನ್ನು ಮುಚ್ಚಿಸಿ, ಮಾಳಿಗೆಯಲ್ಲಿ ತೂತು ಕೊರಿಸಿ, ಸುಮಾರು ನಾಲ್ಕು ತಾಸು ನೀರು ಹೊಯ್ಯಿಸಿದರು. ಬೆಂಕಿ ಆರುವ ಹಾಗಿತ್ತು. ಅಷ್ಟರಲ್ಲಿ ಯಾರೋ ಒಂದು ಕಿಟಕಿಯನ್ನು ತೆರೆಯಲು, ಗಾಳಿ ನುಗ್ಗಿ ಉರಿ ಎಲ್ಲಾ ಕಡೆಗೆ ಹಬ್ಬಿತು. ಮಧ್ಯರಾತ್ರಿಗೆ ಮಾಳಿಗೆ ಕುಸಿದು ಬಿತ್ತು.

ಇಂಗ್ಲೆಂಡಿನಿಂದ ಬಂದ ಕಾಗದದ ರಾಶಿಯೂ, 14 ಭಾಷೆಗಳ ಅಚ್ಚಿನ ಅಕ್ಷರಗಳೂ, ಅನೇಕ ಕೈಬರಹಗಳೂ ಸುಟ್ಟುಹೋದವು. ಆ ಬೂದಿಯಲ್ಲಿ ನಮ್ಮ ಪಾಲೂ ಇತ್ತೆಂಬದನ್ನು ಮರೆಯಬಾರದು. ಕೇರಿಯವರು ಕನ್ನಡದಲ್ಲಿ ಬರೆದಿದ್ದ ಹೊಸ ಒಡಂಬಡಿಕೆಯೆಲ್ಲಾ ಆ ರಾತ್ರಿ ಉರಿದುಹೋಯಿತು. ಮರುದಿನ ಮಾರ್ಷ್‌ಮನ್ನರು ಕಲ್ಕತ್ತೆಗೆ ಹೋಗಿ ಕೇರಿಯವರಿಗೆ ಈ ವರ್ತಮಾನ ತಿಳಿಸಿದರು. ಅವರಿಬ್ಬರೂ ಸಾಯಂಕಾಲ ಶ್ರೀರಾಮಪುರಕ್ಕೆ ಬಂದಾಗ ವಾರ್ಡರು ಅಳುತ್ತಾ ಕೂತಿರಲಿಲ್ಲ. ಇನ್ನೂ ಹೊಗೆಯಾಡುವ ಅವಶೇಷಗಳನ್ನು ಅಗೆಸಿ, ಅಕ್ಷರ ಎರಕ ಹೊಯ್ಯುವ ಉಕ್ಕಿನ ಮೊಳೆಗಳೂ ಅಚ್ಚುಗಳೂ ಕೆಡದೆ ಉಳಿದಿರುವದನ್ನು ಕಂಡುಹಿಡಿದಿದ್ದರು. 5 ಯಂತ್ರಗಳೂ ಉಳಿದಿದ್ದವು. ಕರಗಿ ಗಟ್ಟಿಯಾಗಿದ್ದ ಸೀಸವನ್ನು ಕೂಡಿಸಿ, ಹತ್ತಿರ ಬರಿದಾಗಿದ್ದ ಒಂದು ಉಗ್ರಾಣದಲ್ಲಿ ಕೆಲಸಗಾರರನ್ನು ಹಗಲಿರುಳು ಸರತಿಯಲ್ಲಿ ನಿಲ್ಲಿಸಿ, ಅವರು ಹೊಸ ಅಕ್ಷರಗಳನ್ನು ಎರಕ ಹೊಯ್ಯಿಸತೊಡಗಿದರು. ಕೆಲವು ವಾರಗಳಲ್ಲಿ ಅಚ್ಚಿನ ಕೆಲಸವು ಪುನಃ ನಡೆಯಿತು. ಈ ವರ್ತಮಾನವು ಇಂಗ್ಲೆಂಡಿಗೆ ಮುಟ್ಟಿದಾಗ ಅಲ್ಲಿಯ ಸಭೆಗಳವರು ಸುಮಾರು ಎರಡು ತಿಂಗಳಲ್ಲಿ ನಷ್ಟವನ್ನೆಲ್ಲಾ ತುಂಬಿ ಕೊಟ್ಟರು. ಕೇರಿಯವರು ಸುಟ್ಟದ್ದನ್ನು ತಿರಿಗಿ ಬರೆಯುವದಕ್ಕೆ ಕೂತರು. ಅವರ ಕನ್ನಡ ವ್ಯಾಕರಣವು 1817ರಲ್ಲಿ ಅದೇ ಅಚ್ಚುಕೂಟದಿಂದ ಹೊರಟಿತು.

ವಾರ್ಡರಲ್ಲಿ ಕುಂದು ಇರಲಿಲ್ಲವೆಂದು ಹೇಳಲಾರೆವು. 1811ರಲ್ಲಿ ಅವರು ಹಿಂದುಗಳ ಶಾಸ್ತ್ರ ಆಚಾರಗಳ ಕುರಿತು 4 ಸಂಪುಟಗಳ ದೊಡ್ಡ ಗ್ರಂಥವನ್ನು ಬರೆದರು. ಅದರಲ್ಲಿ ಶ್ರಮ ಬಹಳ; ಆದರೆ ಅನೇಕ ಕಡೆ ತೀರ್ಪು ಕಠಿಣವಾದದ್ದು. ನೆರೆಯವರ ಕೆಟ್ಟದ್ದನ್ನು ಕಂಡಷ್ಟು ಚೆನ್ನಾಗಿ ಒಳ್ಳೆಯದನ್ನು ಅವರ ಲೇಖನಿಯು ಕಾಣಲಿಲ್ಲ. ಮನೆಯೊಳಗೆ ಅಷ್ಟು ಮೃದುವಾಗಿದ್ದವರು ಪುಸ್ತಕದಲ್ಲಿಯೂ ಹಾಗೆಯೇ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

1818ರಲ್ಲಿ ಈ ಮೂವರು ಶ್ರೀರಾಮಪುರದ ಕಾಲೇಜನ್ನು ಸ್ಥಾಪಿಸಿದರು. ಜಾತಿ ಮತ ನೋಡದೆ ಎಲ್ಲರನ್ನೂ ಅದರಲ್ಲಿ ಸೇರಿಸಿದರು. ಅದೇ ವರುಷದ ಕೊನೆಗೆ, ದೇಹಸ್ಥಿತಿ ಕೆಟ್ಟದ್ದರಿಂದ ಸ್ವದೇಶಕ್ಕೆ ಹೊರಟ ವಾರ್ಡರು ಅಲ್ಲಿ ವಿಶ್ರಾಂತಿ ತಕ್ಕೊಳ್ಳದೆ, ಇಂಗ್ಲೆಂಡಿನಲ್ಲಿಯೂ ಅಮೇರಿಕದಲ್ಲಿಯೂ ಸಂಚರಿಸಿ ಆ ಕಾಲೇಜಿಗಾಗಿ ಹಣ ಕೂಡಿಸಿದರು. ಗಂಡನ ಚಿತೆಯಲ್ಲಿ ವಿಧವೆಯರನ್ನು ಸುಡುವ ಪದ್ಧತಿಯ ಘೋರವನ್ನು ಅಲ್ಲಿಯವರಿಗೆ ತಿಳಿಸಿದರು. 1821ರಲ್ಲಿ ತಿರಿಗಿ ಬಂದರು. ಇಂದು ಮಂಗಳೂರಿನ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನಲ್ಲಿ ಕಲಿತು ನಮ್ಮ ಸಭೆಗಳನ್ನು ಪಾಲಿಸುವ ಅನೇಕ ಅಯ್ಯನವರು ಹೊಂದಿರುವ ಪದವಿಯು ಶ್ರೀರಾಮಪುರದ್ದೇ.

1822ರ ಆಗಸ್ಟಿನಲ್ಲಿ ಕೃಷ್ಣಪಾಲನು ವಾಂತಿಭೇದಿಯಿಂದ ಮೃತನಾದನು. ಇಪ್ಪತ್ತೊಂದು ವರುಷ ಸಂಗಡ ಸೇವೆ ಮಾಡಿದ ಆ ಮಿತ್ರನ ಚರಿತ್ರೆಯನ್ನು ವಾರ್ಡರೇ ಬರೆದರು. ಏಳು ತಿಂಗಳು ಕಳೆಯುವದರೊಳಗೆ ಅದೇ ರೋಗವು ಅವರನ್ನೂ ಹಿಡಿಯಿತು. ಆರೋಗ್ಯದಿಂದ ತಿರುಗಾಡುತ್ತಿದ್ದವರು ಎರಡು ದಿನಗಳೊಳಗೆ, 1823ನೇ ಇಸವಿ ಮಾರ್ಚ್ 7ರಂದು, ತಮ್ಮ 53ನೆಯ ವಯಸ್ಸಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ಮೂವರಲ್ಲಿ ಎಲ್ಲರಿಗಿಂತ ಕಿರಿಯವರೇ ಮೊದಲು ಹೋದರು. ಹಿರಿಯರಿಬ್ಬರು ಅವರನ್ನು ಶ್ರೀರಾಮಪುರದ ಮಣ್ಣಿಗೆ ಒಪ್ಪಿಸಿದರು.

ಅಂದಿನಿಂದ ಆ ಮನೆಯಲ್ಲಿ ಬರಿದಾದ ಸ್ಥಳವು ತುಂಬಲಿಲ್ಲ. ಇಂಗ್ಲೆಂಡಿನ ಸಂಘದವರಿಗೂ ಶ್ರೀರಾಮಪುರದವರಿಗೂ ಆಸ್ತಿಯ ವಿಷಯದಲ್ಲಿಯೂ ಅಧಿಕಾರದ ವಿಷಯದಲ್ಲಿಯೂ ಮೊದಲೇ ಇದ್ದ ವ್ಯಾಜ್ಯವು ಬೆಳೆದು, 1827ರಲ್ಲಿ ಸಂಬಂಧವೇ ಕಡಿದುಹೋಯಿತು. ವಾರ್ಡರು ಬದುಕಿದ್ದರೆ ಅದು ತಪ್ಪುತ್ತಿತ್ತೋ ಇಲ್ಲವೋ ದೇವರೇ ಬಲ್ಲನು. ಆದರೆ ಕೇರಿಯವರೂ ಮಾರ್ಷ್‌ಮನ್ನರೂ ಒಬ್ಬರನ್ನೊಬ್ಬರು ಬಿಡಲಿಲ್ಲ. ಮಾರ್ಷ್‌ಮನ್ನರನ್ನು ಎಷ್ಟೋ ಮಂದಿ ದೂಷಿಸಿದಾಗಲೂ ಕೇರಿಯವರು ಅವರ ಪಕ್ಕದಲ್ಲಿಯೇ ನಿಂತರು. ಕೇರಿಯವರು 1834ರಲ್ಲಿ, ಮಾರ್ಷ್‌ಮನ್ನರು 1837ರಲ್ಲಿ ತೀರಿಹೋದರು. ಮೂವರ ಸಮಾಧಿಗಳೂ ಒಂದೇ ಹೂಣುವ ಸ್ಥಳದಲ್ಲಿ ಇವೆ.

ಪ್ರಿಯರೇ, ನಮ್ಮ ಸಭೆಗಳಲ್ಲಿ ಕೇರಿಯವರಂಥ ಪಂಡಿತರು ಹುಟ್ಟದೆ ಇರಬಹುದು. ಅದಕ್ಕಾಗಿ ದೇವರು ನಮ್ಮಿಂದ ಲೆಕ್ಕ ಕೇಳುವದಿಲ್ಲ. ಆದರೆ ಶನಿವಾರದ ಸಾಯಂಕಾಲವು ನಮ್ಮ ಊರುಗಳಿಗೂ ಬರುತ್ತದೆ. ಸುಗ್ಗಿಯ ಕಾಣಿಕೆಯ ಲೆಕ್ಕದಲ್ಲಿಯೋ, ಹೊಲದ ಬದುವಿನ ವಿಷಯದಲ್ಲಿಯೋ, ಮದುವೆಯ ಊಟದ ಪಂಕ್ತಿಯಲ್ಲಿಯೋ ಹುಟ್ಟಿದ ಮುನಿಸನ್ನು ವರುಷಗಟ್ಟಲೆ ಬೆಳೆಸಿಕೊಂಡು, ಒಂದೇ ಗುಡಿಯಲ್ಲಿ ಮುಖ ತಿರುಗಿಸಿ ಕೂಡ್ರುವವರು ನಮ್ಮಲ್ಲಿ ಇಲ್ಲವೋ? ವಾರ್ಡರಿಗೆ ರೋಗ ಬಂದ ಮೇಲೆ ಎರಡು ದಿನಗಳೂ ಉಳಿಯಲಿಲ್ಲ. ಆದರೆ ಜೊತೆಗಾರರ ಸಂಗಡ ಸರಿಮಾಡಿಕೊಳ್ಳಬೇಕಾದದ್ದನ್ನು ಅವರು ವಾರವಾರವೂ ಸರಿಮಾಡಿಕೊಂಡಿದ್ದರು. ಈ ಶನಿವಾರ ಯಾರ ಬಾಗಿಲಿಗೆ ಹೋಗಬೇಕೆಂಬದು ನಮ್ಮಲ್ಲಿ ಪ್ರತಿಯೊಬ್ಬನಿಗೂ ಗೊತ್ತುಂಟು. ಹೊತ್ತು ಮುಳುಗುವದಕ್ಕಿಂತ ಮುಂಚೆ ಎದ್ದು ಹೋಗೋಣ.