ಜೇಮ್ಸ್ ಪ್ರೆಸ್ಕಾಟ್ ಜೂಲ್: ದುಡಿಮೆಯನ್ನು ಉಷ್ಣದಲ್ಲಿ ಅಳೆದ ವಿಜ್ಞಾನಿ

ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್, ಬಿಸ್ಕತ್ ಪೊಟ್ಟಣದ ಮೇಲೆ ಕಿಲೋಕ್ಯಾಲೊರಿ, ಭೌತಶಾಸ್ತ್ರದ ಪುಸ್ತಕದಲ್ಲಿ ಜೂಲ್. ಹೆಸರು ಮೂರಾದರೂ ಅಳೆಯುವುದು ಒಂದನ್ನೇ, ಅದು ಶಕ್ತಿ. 1 ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೂಲ್, ಅಂದರೆ ಸುಮಾರು 860 ಕಿಲೋಕ್ಯಾಲೊರಿ. ಹೀಗೆ ಒಂದು ಮಾನವನ್ನು ಇನ್ನೊಂದಕ್ಕೆ ಬದಲಿಸುವ ಲೆಕ್ಕಕ್ಕೆ ಭದ್ರ ಬುನಾದಿ ಹಾಕಿದವರು ಜೇಮ್ಸ್ ಪ್ರೆಸ್ಕಾಟ್ ಜೂಲ್.

ಜೂಲ್ ಅವರು 1818ರ ಡಿಸೆಂಬರ್ 24ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಸಾಲ್‌ಫರ್ಡ್‌ನಲ್ಲಿ ಜನಿಸಿದರು. ತಂದೆ ಬಿಯರ್ ತಯಾರಿಕೆಯ ಉದ್ಯಮಿ. ಬೆನ್ನುಮೂಳೆಯ ತೊಂದರೆಯಿಂದ ಬಳಲುತ್ತಿದ್ದ ಬಾಲಕನಿಗೆ ಮನೆಯಲ್ಲೇ ಪಾಠ ನಡೆಯಿತು. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಅವರ ಬಳಿ ಕೆಲಕಾಲ ಕಲಿಯುವ ಭಾಗ್ಯವೂ ದೊರೆಯಿತು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ಮಾತ್ರ ಅವರು ವಿದ್ಯಾರ್ಥಿಯಾಗಿ ಹತ್ತಲಿಲ್ಲ. ಉದ್ಯಮದ ಕೆಲಸದ ನಡುವೆಯೇ ಸ್ವಂತ ಖರ್ಚಿನಲ್ಲಿ ಪ್ರಯೋಗಗಳನ್ನು ಮಾಡುತ್ತಿದ್ದರು.

ಉಷ್ಣವು ಕಣ್ಣಿಗೆ ಕಾಣದ ಒಂದು ದ್ರವ, ಅದು ಬಿಸಿ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ಹರಿಯುತ್ತದೆ ಎಂದು ಆ ಕಾಲದ ಅನೇಕ ವಿದ್ವಾಂಸರು ನಂಬಿದ್ದರು. ಜೂಲ್ ಅವರ ವಿಚಾರ ಬೇರೆ. ಕೆಲಸವೇ ಉಷ್ಣವಾಗಿ ಮಾರ್ಪಡುವುದಾದರೆ ಇಷ್ಟು ಕೆಲಸಕ್ಕೆ ಇಷ್ಟು ಉಷ್ಣ ಎಂಬ ನಿಶ್ಚಿತ ಲೆಕ್ಕ ಇರಲೇಬೇಕು. ಜರ್ಮನಿಯ ವೈದ್ಯ ಮೇಯರ್ 1842ರಲ್ಲಿ ಇಂಥದೇ ವಿಚಾರವನ್ನು ಪ್ರಕಟಿಸಿದ್ದರು. ಅದನ್ನು ಪ್ರಯೋಗದಿಂದ ಮತ್ತೆ ಮತ್ತೆ ಅಳೆದು ತೋರಿಸಿದ್ದು ಜೂಲ್ ಅವರ ಸಾಧನೆ.

ಅವರ ಪ್ರಸಿದ್ಧ ಉಪಕರಣ ಬಹಳ ಸರಳ. ನೀರು ತುಂಬಿದ ಪಾತ್ರೆಯೊಳಗೆ ತಿರುಗುವ ರೆಕ್ಕೆಗಳು. ಹೊರಗೆ ರಾಟೆಯ ಮೇಲಿಂದ ಇಳಿಯುವ ತೂಕಗಳು. ತೂಕ ಇಳಿದಂತೆ ರೆಕ್ಕೆಗಳು ನೀರನ್ನು ಕಡೆಯುತ್ತವೆ, ನೀರು ಬಿಸಿಯಾಗುತ್ತದೆ. ಆದರೆ 20 ಬಾರಿ ಇಳಿಸಿದರೂ ಏರುತ್ತಿದ್ದ ತಾಪ ಸುಮಾರು ಅರ್ಧ ಡಿಗ್ರಿ ಫ್ಯಾರನ್‌ಹೀಟ್ ಮಾತ್ರ. ಇಷ್ಟು ಸಣ್ಣ ಏರಿಕೆಯನ್ನು ನಂಬುವವರು ಯಾರು? 1843ರಲ್ಲಿ ಕಾರ್ಕ್ ನಗರದ ಸಭೆಯಲ್ಲಿ ಅವರ ಮೊದಲ ಫಲಿತಾಂಶಕ್ಕೆ ಮೌನವೇ ಉತ್ತರವಾಯಿತು. ಮರುವರ್ಷದ ಒಂದು ಪ್ರಬಂಧವನ್ನು ರಾಯಲ್ ಸೊಸೈಟಿ ತನ್ನ ಪತ್ರಿಕೆಯಲ್ಲಿ ಪ್ರಕಟಿಸಲು ಒಪ್ಪಲಿಲ್ಲ. ಜೂಲ್ ಎದೆಗುಂದಲಿಲ್ಲ, ಅಳೆಯುವುದನ್ನು ಬಿಡಲೂ ಇಲ್ಲ. 1847ರಲ್ಲಿ ಆಕ್ಸ್‌ಫರ್ಡ್ ಸಭೆಯಲ್ಲಿ ಯುವ ವಿಜ್ಞಾನಿ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) ಅವರ ಮಾತಿನ ಮಹತ್ವವನ್ನು ಗುರುತಿಸಿದರು. 1850ರಲ್ಲಿ ಅದೇ ರಾಯಲ್ ಸೊಸೈಟಿ ಜೂಲ್ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿತು. 1854ರಲ್ಲಿ ಪತ್ನಿ ಅಮೀಲಿಯಾ ತೀರಿಕೊಂಡ ದುಃಖದ ನಂತರವೂ ಅವರ ಸಂಶೋಧನೆ ಮುಂದುವರಿಯಿತು.

ಇಂದಿನ ಮಾನದಲ್ಲಿ 1 ಕ್ಯಾಲೊರಿ ಎಂದರೆ ಸುಮಾರು 4.18 ಜೂಲ್. ಇದರ ಅರ್ಥವನ್ನು ನಮ್ಮ ಕಡೆಯ ದುಡಿಮೆಯಿಂದಲೇ ತಿಳಿಯಬಹುದು. ಹರಪನಹಳ್ಳಿಯಲ್ಲೋ ಕೊಟ್ಟೂರಿನಲ್ಲೋ ಒಬ್ಬ ಹಮಾಲಿ 50 ಕಿಲೋ ಮೆಕ್ಕೆಜೋಳದ ಚೀಲವನ್ನು ನೆಲದಿಂದ 1 ಮೀಟರ್ ಮೇಲಕ್ಕೆ ಎತ್ತಿದರೆ ಚೀಲದ ಮೇಲೆ ಆದ ಕೆಲಸ 490 ಜೂಲ್, ಅಂದರೆ ಸುಮಾರು 117 ಕ್ಯಾಲೊರಿ. ಒಂದು ಲೋಟ ಚಹಾಕ್ಕೆ ಬೇಕಾದ 150 ಗ್ರಾಂ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 11,250 ಕ್ಯಾಲೊರಿ ಬೇಕು. ಅದು 96 ಚೀಲ ಎತ್ತಿದ ಕೆಲಸಕ್ಕೆ ಸಮ! ಜೋಗದ ರಾಜ ಧಾರೆ 253 ಮೀಟರ್ ಧುಮುಕಿ, ಆ ಶಕ್ತಿಯೆಲ್ಲ ನೀರಿನಲ್ಲೇ ಉಷ್ಣವಾಗಿ ಉಳಿದರೂ ತಾಪ ಏರುವುದು ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಮಾತ್ರ. ಜೂಲ್ ಅವರ ಕೆಲಸ ಎಷ್ಟು ಸೂಕ್ಷ್ಮವಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

1889ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಶಕ್ತಿಯ ಮಾನಕ್ಕೆ ಅವರ ಹೆಸರನ್ನು ಅಂಗೀಕರಿಸಿತು. ಅದೇ ವರ್ಷ ಅಕ್ಟೋಬರ್ 11ರಂದು ಅವರು ಸೇಲ್ ಎಂಬಲ್ಲಿ ನಿಧನರಾದರು. ಅವರ ಸಮಾಧಿಯ ಕಲ್ಲಿನ ಮೇಲೆ 772.55 ಎಂದು ಕೆತ್ತಲಾಗಿದೆ. 1 ಪೌಂಡ್ ನೀರನ್ನು 1 ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು ಎಷ್ಟು ಪೌಂಡ್ ತೂಕ 1 ಅಡಿ ಇಳಿಯಬೇಕು ಎಂಬುದರ ಲೆಕ್ಕ ಅದು. ಇಂದಿನ ಬೆಲೆ ಸುಮಾರು 778, ವ್ಯತ್ಯಾಸ ಶೇ. 1ಕ್ಕಿಂತ ಕಡಿಮೆ.

ವಿದ್ಯಾರ್ಥಿ ಮಿತ್ರರೇ, ಪರೀಕ್ಷೆಯಲ್ಲಿ ಕ್ಯಾಲೊರಿಯನ್ನು 4.18ರಿಂದ ಗುಣಿಸುವಾಗ ಆ ಅಂಕಿಯ ಹಿಂದಿನ ಹಲವು ವರ್ಷಗಳ ತಾಳ್ಮೆಯನ್ನು ನೆನೆಯಿರಿ. ಪದವಿಯಿಲ್ಲದ ಜೂಲ್ ಅವರ ಮಾತನ್ನು ಜಗತ್ತು ಒಪ್ಪಿದ್ದು, ಅವರು ಪ್ರತಿ ಸಂದೇಹಕ್ಕೂ ಇನ್ನೊಂದು ಅಳತೆಯಿಂದ ಉತ್ತರ ಕೊಟ್ಟದ್ದರಿಂದ.