ಸಕ್ಕರೆ ಗುಳಿಗೆಯ ಡಾಕ್ಟರ್ ಹಾನೆಮನ್

ಊರಿನ ಬಾಲ್ಯ ಎಂದರೆ ನಮ್ಮಲ್ಲಿ ಅನೇಕರಿಗೆ ಪುಟ್ಟ ಶೀಶೆಯ ಬಿಳಿ ಗುಳಿಗೆಗಳೂ ನೆನಪಾಗುತ್ತವೆ. ನೆಗಡಿಯಾದರೆ ಹೊತ್ತಿಗೆ ನಾಲ್ಕು; ಅಮ್ಮನ ಕಣ್ಣು ತಪ್ಪಿಸಿ ತಿಂದದ್ದು ಬೇರೆ! ಇಲ್ಲಿ ಜರ್ಮನಿಯ ಔಷಧಿ ಅಂಗಡಿಗಳಲ್ಲಿ ಅವುಗಳಿಗೆ ಗ್ಲೋಬುಲಿ ಎನ್ನುತ್ತಾರೆ. ಹೋಮಿಯೋಪತಿ ಹುಟ್ಟಿದ್ದೇ ಈ ನೆಲದಲ್ಲಿ.

ಅದರ ಜನಕ ಸ್ಯಾಮ್ಯುಯೆಲ್ ಹಾನೆಮನ್ 1755ರ ಏಪ್ರಿಲ್ 10ರಂದು ಮೈಸೆನ್‌ನಲ್ಲಿ ಜನಿಸಿದರು. ತಂದೆ ಪಿಂಗಾಣಿ ಪಾತ್ರೆಗಳ ಮೇಲೆ ಚಿತ್ರ ಬರೆಯುವವರು. ಮಗ ಲೈಪ್‌ಜಿಗ್, ವಿಯೆನ್ನಾಗಳಲ್ಲಿ ಓದಿ, 1779ರಲ್ಲಿ ಎರ್ಲಾಂಗನ್‌ನಲ್ಲಿ ವೈದ್ಯ ಪದವಿ ಪಡೆದರು.

ಆಗಿನ ಚಿಕಿತ್ಸೆಗಳನ್ನು ಕೇಳಿದರೆ ಈಗಲೂ ಮೈ ನಡುಗುತ್ತದೆ. ರಕ್ತನಾಳ ಕೊಯ್ದು ರಕ್ತ ತೆಗೆಯುವುದು, ಜಿಗಣೆ ಹಚ್ಚುವುದು, ಭೇದಿ ಮಾಡಿಸುವುದು, ಪಾದರಸದ ಔಷಧಿ ಕೊಡುವುದು. ರೋಗಿಗಳಿಗೆ ತನ್ನಿಂದಲೇ ಕೇಡಾಗುತ್ತಿದೆ ಎನ್ನಿಸಿ ಹಾನೆಮನ್ ಕೆಲಕಾಲ ವೃತ್ತಿಯನ್ನೇ ಬಿಟ್ಟರು. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಪುಸ್ತಕಗಳನ್ನು ಅನುವಾದಿಸಿ ಸಂಸಾರ ತೂಗಿಸಿದರು. 1792ರಲ್ಲಿ ಚಕ್ರವರ್ತಿ ಎರಡನೇ ಲಿಯೋಪೋಲ್ಡ್ ತೀರಿಕೊಂಡಾಗ, ಮತ್ತೆ ಮತ್ತೆ ರಕ್ತ ತೆಗೆದ ಆಸ್ಥಾನ ವೈದ್ಯರನ್ನು ಬಹಿರಂಗವಾಗಿಯೇ ಟೀಕಿಸಿದರು. ಈ ಧೈರ್ಯಕ್ಕಾಗಿ ಅವರನ್ನು ನಾವು ಮೆಚ್ಚಲೇಬೇಕು.

ಅದಕ್ಕೂ ಮೊದಲು, 1790ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಕಲೆನ್ ಅವರ ಔಷಧ ಗ್ರಂಥವನ್ನು ಅನುವಾದಿಸುವಾಗ ಮಲೇರಿಯಾಕ್ಕೆ ಕೊಡುವ ಸಿಂಕೋನಾ ತೊಗಟೆಯ ವಿಷಯ ಬಂತು. ಆರೋಗ್ಯವಾಗಿದ್ದ ಹಾನೆಮನ್ ತಾವೇ ಅದನ್ನು ತಿಂದು ನೋಡಿದರು. ಚಳಿಜ್ವರದ ಲಕ್ಷಣಗಳೇ ಕಾಣಿಸಿಕೊಂಡವು! ಯಾವುದು ರೋಗದ ಲಕ್ಷಣ ತರುತ್ತದೋ ಅದೇ ಅದನ್ನು ಗುಣಪಡಿಸುತ್ತದೆ ಎಂಬ ತತ್ತ್ವ ಹೀಗೆ ಮೊಳೆಯಿತು. 1810ರಲ್ಲಿ ಆರ್ಗನನ್ ಎಂಬ ಗ್ರಂಥ ಬಂತು. ಸಿಂಕೋನಾದ ಕ್ವಿನೈನ್ ಮಲೇರಿಯಾ ಪರಾವಲಂಬಿಯನ್ನು ಕೊಲ್ಲುತ್ತದೆ ಎಂದು ಇಂದು ನಮಗೆ ಗೊತ್ತು. ಆ ಪರಾವಲಂಬಿ ಪತ್ತೆಯಾದದ್ದೇ 1880ರಲ್ಲಿ.

ಕೇಡಾಗದಿರಲೆಂದು ಅವರು ಔಷಧಿಯನ್ನು ತೆಳುವಾಗಿಸುತ್ತಾ ಹೋದರು. ಒಂದು ಹನಿಗೆ ತೊಂಬತ್ತೊಂಬತ್ತು ಹನಿ ಮದ್ಯಸಾರ, ಅದರಲ್ಲೊಂದು ಹನಿಗೆ ಮತ್ತೆ ತೊಂಬತ್ತೊಂಬತ್ತು, ಹೀಗೆ 30 ಸಲ. ಮಕ್ಕಳೇ, ಲೆಕ್ಕ ಹಾಕಿ ನೋಡಿ: 1ರ ಮುಂದೆ 60 ಸೊನ್ನೆ! ಮೂಲ ವಸ್ತುವಿನ ಒಂದು ಅಣುವೂ ಅದರಲ್ಲಿ ಉಳಿದಿರುವುದಿಲ್ಲವೆನ್ನಬಹುದು. ಆದರೂ ಅವರ ರೋಗಿಗಳು ಚೇತರಿಸಿಕೊಂಡರು. ಅವರು ರಕ್ತ ತೆಗೆಯುತ್ತಿರಲಿಲ್ಲ, ರೋಗಿಯ ಮಾತನ್ನು ಬಹಳ ಹೊತ್ತು ಕೇಳುತ್ತಿದ್ದರು; ಉಳಿದದ್ದನ್ನು ದೇಹವೇ ನೋಡಿಕೊಂಡಿತು ಎಂಬುದು ನಮ್ಮ ಅನಿಸಿಕೆ. ಯಾವುದೇ ಕಾಯಿಲೆಗೆ ಹೋಮಿಯೋಪತಿ ಫಲಕಾರಿ ಎನ್ನಲು ನಂಬಲರ್ಹ ಪುರಾವೆಯಿಲ್ಲವೆಂದು 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿತು. ಮಗುವಿನ ಜ್ವರ ಇಳಿಯದಿದ್ದರೆ ಪೋಷಕರಾದ ನಾವು ಗುಳಿಗೆ ಎಣಿಸುತ್ತಾ ಕೂರುವಂತಿಲ್ಲ.

ಮೊದಲ ಪತ್ನಿ ತೀರಿಕೊಂಡ ಮೇಲೆ, ಚಿಕಿತ್ಸೆಗೆಂದು ಬಂದ ಫ್ರಾನ್ಸಿನ ಮೆಲಾನಿಯನ್ನು 1835ರಲ್ಲಿ ಮದುವೆಯಾದರು. ಆಗ ಅವರಿಗೆ 79 ವರ್ಷ! ಪ್ಯಾರಿಸ್‌ನಲ್ಲಿ ನೆಲೆಸಿ, ಆರ್ಗನನ್‌ನ ಆರನೇ ಪರಿಷ್ಕರಣೆ ಮುಗಿಸಿ, 1843ರ ಜುಲೈ 2ರಂದು ನಿಧನರಾದರು. ಆ ಹಸ್ತಪ್ರತಿ ಅಚ್ಚಾದದ್ದು 1921ರಲ್ಲಿ.